ಪದಕ ಅಮೆರಿಕದ್ದು, ಓಲೆಕಟ್ಟು ಮೂಡುಬಿದಿರೆಯದ್ದು

ಫೋನು ಹೇಗೂ ಕೈಯಲ್ಲೇ ಉಂಟಲ್ಲ, ಅದರಲ್ಲಿ ಕ್ಯಾಲ್ಕುಲೇಟರ್ ತೆರೆಯಿರಿ. 152207 ಅಂತ ಒತ್ತಿ 73ರಿಂದ ಗುಣಿಸಿ. ಸಾಲಾಗಿ ಎಂಟು ಒಂದುಗಳು ಬರುತ್ತವೆ: 11111111. ಈಗ 139ನ್ನು 109ರಿಂದ ಗುಣಿಸಿ ನೋಡಿ. 15151 ಬಂತಲ್ಲ? ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇಂಥ ಉತ್ತರಗಳನ್ನು ಕೊರಳಿಗೆ ಹಾಕುವ ಹಾರಕ್ಕೆ ಹೋಲಿಸಿ ಮಕ್ಕಳಿಗೆ ಗುಣಾಕಾರ ಕಲಿಸಿದವರು ಮಹಾವೀರಾಚಾರ್ಯ. ಕಾಲ ಸುಮಾರು ಕ್ರಿ.ಶ. 850. ಪುಸ್ತಕದ ಹೆಸರು 'ಗಣಿತಸಾರಸಂಗ್ರಹ'. ಅದರ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೊಗಳಿಕೆ ಇದೆ. ಕನ್ನಡ ಪಾಠದಲ್ಲಿ 'ಕವಿರಾಜಮಾರ್ಗ' ಅಂದಾಗ ಬರುವ ಅದೇ ನೃಪತುಂಗ.

ಸುಮಾರು ಒಂದು ಸಾವಿರ ವರ್ಷ ಓಲೆಯಿಂದ ಓಲೆಗೆ ಕೈಬರಹದಲ್ಲೇ ದಾಟಿಕೊಂಡು ಬಂದ ಈ ಪುಸ್ತಕ 1912ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಅಚ್ಚಿಗೆ ಆಧಾರವಾದದ್ದು ಐದು ಪ್ರತಿಗಳು. ಅವುಗಳಲ್ಲಿ ಒಂದು ಮೂಡುಬಿದಿರೆಯದ್ದು. ನಾರಾವಿಯಲ್ಲಿ ಬಸ್ಸು ಹತ್ತಿ ಶಿರ್ತಾಡಿ ದಾಟಿದರೆ ಸಿಗುವ ನಮ್ಮ ಮೂಡುಬಿದಿರೆ.

ನಾವು ಬರೆಯಲು ಕೂತದ್ದು ನಿಜಕ್ಕೂ ಒಂದು ಪ್ರಶಸ್ತಿಯ ಬಗ್ಗೆ. ವಿಜ್ಞಾನದ ಇತಿಹಾಸ ಬರೆಯುವವರಿಗೆ ಕೊಡುವ ಜೀವಮಾನ ಸಾಧನೆ ಪ್ರಶಸ್ತಿ ಅದು. ಅಮೆರಿಕದ 'ಹಿಸ್ಟರಿ ಆಫ್ ಸೈನ್ಸ್ ಸೊಸೈಟಿ' ಕೊಡುವ ಜಾರ್ಜ್ ಸಾರ್ಟನ್ ಪದಕ. ಈ ವಿದ್ಯೆಯಲ್ಲಿ ಅದಕ್ಕಿಂತ ದೊಡ್ಡ ಹೆಸರು ಕಡಿಮೆ. ಆದರೆ ಓದುತ್ತಾ ಓದುತ್ತಾ ಆ ಪ್ರಶಸ್ತಿಯ ದಾರದ ಒಂದು ಎಳೆ ಹಿಡಿದು ಎಳೆದರೆ, ಅದು ಬಂದು ನಿಂತದ್ದು ನಮ್ಮ ಪಕ್ಕದ ಊರಿನಲ್ಲಿ. ಹಾಗಾಗಿ ಈ ಬರಹ ಸ್ವಲ್ಪ ಅತ್ತಿತ್ತ ಓಡುತ್ತದೆ, ಸಹಿಸಿಕೊಳ್ಳಿ.

ಮೊದಲು ಸಾರ್ಟನ್ ಯಾರು ಅಂತ ಹೇಳಿಬಿಡುತ್ತೇವೆ. ಬೆಲ್ಜಿಯಂ ದೇಶದ ಗೆಂಟ್ ಊರಿನವರು, ಹುಟ್ಟಿದ್ದು 1884ರಲ್ಲಿ. ಓದಿದ್ದು ವಿಜ್ಞಾನ ಮತ್ತು ಗಣಿತ. ರಾಜರ ಚರಿತ್ರೆ ಬರೆಯುವವರು ಇದ್ದಾರೆ, ಯುದ್ಧಗಳ ಚರಿತ್ರೆ ಬರೆಯುವವರು ಇದ್ದಾರೆ, ಮನುಷ್ಯ ಲೆಕ್ಕ ಹಾಕಲು, ನಕ್ಷತ್ರ ನೋಡಲು, ರೋಗ ಗುಣಪಡಿಸಲು ಕಲಿತ ಚರಿತ್ರೆ ಬರೆಯಲು ಒಂದು ಪ್ರತ್ಯೇಕ ವಿದ್ಯೆಯೇ ಬೇಕು ಅನ್ನುವುದು ಅವರ ಹಟ. 1912ರಲ್ಲಿ 'ಐಸಿಸ್' ಎಂಬ ಪತ್ರಿಕೆ ಶುರುಮಾಡಿದರು. 1912 ಅಂದರೆ, ನೆನಪಿಡಿ, ಮದ್ರಾಸಿನಲ್ಲಿ 'ಗಣಿತಸಾರಸಂಗ್ರಹ' ಹೊರಬಂದ ವರ್ಷವೇ.

ಎರಡು ವರ್ಷದಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನ್ ಸೈನಿಕರು ಮನೆಯೊಳಗೇ ಬಂದು ಕೂತರು. ಸಾರ್ಟನ್ ತಮ್ಮ ಟಿಪ್ಪಣಿಗಳನ್ನೆಲ್ಲ ಲೋಹದ ಪೆಟ್ಟಿಗೆಗೆ ತುಂಬಿ ಮನೆಯ ತೋಟದಲ್ಲಿ ಹೂತಿಟ್ಟು, ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ದೇಶ ಬಿಟ್ಟರು. 1915ರಲ್ಲಿ ಅಮೆರಿಕ ಸೇರಿದರು. ಅಲ್ಲಿ ಪತ್ರಿಕೆ ಮತ್ತೆ ನಿಂತಿತು, ಆದರೆ ಕೈಯಲ್ಲಿ ಕಾಸಿಲ್ಲ. ಪತ್ರಿಕೆ ನಡೆಸುವ ಕಷ್ಟ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಪತ್ರಿಕೆಗೆ ಆಸರೆಯಾಗಿ 1924ರಲ್ಲಿ ಹುಟ್ಟಿದ್ದು ಹಿಸ್ಟರಿ ಆಫ್ ಸೈನ್ಸ್ ಸೊಸೈಟಿ. ಅದನ್ನು ಕಟ್ಟಲು ಮುಂದೆ ನಿಂತವರಲ್ಲಿ ಒಬ್ಬರು ಡೇವಿಡ್ ಯುಜೀನ್ ಸ್ಮಿತ್, ನ್ಯೂಯಾರ್ಕಿನ ಗಣಿತದ ಪ್ರಾಧ್ಯಾಪಕರು. ಇದೇ ಸೊಸೈಟಿ 1955ರಲ್ಲಿ ಸಾರ್ಟನ್ ಹೆಸರಿನಲ್ಲಿ ಪದಕ ಆರಂಭಿಸಿ, ಮೊದಲ ಪದಕವನ್ನು ಸ್ವತಃ ಸಾರ್ಟನ್ ಅವರಿಗೇ ಕೊಟ್ಟಿತು. ಮರುವರ್ಷ ಅವರು ತೀರಿಕೊಂಡರು. ಚೀನಾದ ವಿಜ್ಞಾನದ ಬಗ್ಗೆ ಸಂಪುಟದ ಮೇಲೆ ಸಂಪುಟ ಬರೆದ ಜೋಸೆಫ್ ನೀಡಮ್‌ಗೆ ಅದು ಬಂದದ್ದು 1968ರಲ್ಲಿ. ಪದಕ ಕೊಡುವುದು ಒಂದು ಪುಸ್ತಕಕ್ಕಲ್ಲ, ಒಬ್ಬ ವಿದ್ವಾಂಸನ ಇಡೀ ಜೀವಮಾನದ ದುಡಿಮೆಗೆ.

ಸ್ಮಿತ್ ಹೆಸರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಿ. ನಾವೀಗ ಮದ್ರಾಸಿಗೆ ಹೋಗಬೇಕು.

ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಸರಕಾರದ ಕೈಕೆಳಗಿತ್ತು. 1903ರಲ್ಲಿ ಅಲ್ಲಿನ ಸರಕಾರಿ ಹಸ್ತಪ್ರತಿ ಗ್ರಂಥಾಲಯದ ಜವಾಬ್ದಾರಿ ಎಂ. ರಂಗಾಚಾರ್ಯರಿಗೆ ಬಂತು. ಅವರು ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರು. ಹಳೆಯ ಗಣಿತ ಗ್ರಂಥಗಳು ಏನಾದರೂ ಇವೆಯೇ ನೋಡಿ ಅಂತ ಶಿಕ್ಷಣ ಇಲಾಖೆಯ ಮುಖ್ಯಸ್ಥ ಜಿ. ಎಚ್. ಸ್ಟುವರ್ಟ್ ಕೇಳಿದರಂತೆ. ಹುಡುಕಿದಾಗ ಸಿಕ್ಕಿದ್ದು 'ಗಣಿತಸಾರಸಂಗ್ರಹ'ದ ಮೂರು ಪ್ರತಿಗಳು. ಮೂರೂ ಅರ್ಧಂಬರ್ಧ. ಒಂದರಲ್ಲಿ ಮೊದಲ ಐದು ಅಧ್ಯಾಯ, ಇನ್ನೊಂದರಲ್ಲಿ ಒಂದೇ ಅಧ್ಯಾಯ, ಹೀಗೆ. ಗಣಿತದ ಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ಮುಂದಿನ ಲೆಕ್ಕವೇ ತಪ್ಪುತ್ತದೆ. ಅಂಥದ್ದರಲ್ಲಿ ಅರ್ಧ ಪುಸ್ತಕ ಅಚ್ಚು ಹಾಕಿ ಏನು ಮಾಡುವುದು?

ರಂಗಾಚಾರ್ಯರು ಅಲ್ಲಿ ಇಲ್ಲಿ ಬರೆದು ಕೇಳಿದರು. ಎರಡು ಕಡೆಯಿಂದ ಇಡೀ ಪುಸ್ತಕ ಸಿಕ್ಕಿತು. ಒಂದು ಮೈಸೂರಿನಿಂದ, ಅಲ್ಲಿನ ಓರಿಯಂಟಲ್ ಲೈಬ್ರರಿಯ ಮೂಲಕ. ಒಬ್ಬ ಜೈನ ಪಂಡಿತರ ಓಲೆಯ ನಕಲು ಅದು. ಜೊತೆಗೆ ವಲ್ಲಭ ಎಂಬವರ ಕನ್ನಡ ಟೀಕೆ. ಇನ್ನೊಂದು ಮೂಡುಬಿದಿರೆಯ ಜೈನ ಮಠದಿಂದ, ಕನ್ನಡ ಅಕ್ಷರದ ಓಲೆಗರಿಯ ನಕಲು. ರಂಗಾಚಾರ್ಯರು ಅದಕ್ಕೆ 'ಬಿ' ಅಂತ ಗುರುತಿನ ಅಕ್ಷರ ಇಟ್ಟರು. ಅದನ್ನು ದೊರಕಿಸಿಕೊಟ್ಟವರು ಇಬ್ಬರು ಅಂತ ಮುನ್ನುಡಿಯಲ್ಲಿ ಬರೆದಿದ್ದಾರೆ. ಸಂಸ್ಕೃತ ಶಾಲೆಗಳ ಅಧಿಕಾರಿ ಆರ್. ಕೃಷ್ಣಮಾಚಾರ್ಯ, ಮತ್ತು ಮೂಡುಬಿದಿರೆಯ ಯು. ಬಿ. ವೆಂಕಟರಮಣಯ್ಯ.

ಈ ಎರಡನೆಯ ಹೆಸರು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ನೂರು ವರ್ಷ ದಾಟಿದ ಇಂಗ್ಲಿಷ್ ಮುನ್ನುಡಿ. ಅದರ ನಡುವೆ ನಮ್ಮ ಊರ ಕಡೆಯ ಒಂದು ಹೆಸರು. ಮಠದ ಓಲೆ ಸುಲಭವಾಗಿ ಹೊರಗೆ ಬರುವ ವಸ್ತುವಲ್ಲ. ಕೇಳಬೇಕು, ಒಪ್ಪಿಸಬೇಕು, ಕೂತು ನಕಲು ಮಾಡಿಸಬೇಕು, ಕಟ್ಟಿ ಮದ್ರಾಸಿಗೆ ಕಳಿಸಬೇಕು. ಆಗ ಮೂಡುಬಿದಿರೆಯಿಂದ ಮಂಗಳೂರಿಗೇ ಒಂದು ಪಯಣ. ಇಷ್ಟಕ್ಕೆಲ್ಲ ಸಿಕ್ಕಿದ್ದು ಮುನ್ನುಡಿಯಲ್ಲಿ ಒಂದು ವಾಕ್ಯ.

ಆ ಪ್ರತಿಯ ಬಗ್ಗೆ ರಂಗಾಚಾರ್ಯರು ಇನ್ನೊಂದು ಮಾತು ಹೇಳುತ್ತಾರೆ. ನಮಗೆ ಅದು ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಮೂಲ ಶ್ಲೋಕ ಸಂಸ್ಕೃತದಲ್ಲಿ ಇದ್ದರೂ, ಆ ಓಲೆಯಲ್ಲಿ ಪ್ರತಿ ಲೆಕ್ಕದ ಪ್ರಶ್ನೆ ಏನು, ಉತ್ತರ ಎಷ್ಟು ಅನ್ನುವುದನ್ನು ಕನ್ನಡದಲ್ಲಿ ಚುಟುಕಾಗಿ ಬರೆದಿತ್ತು. ಅಂದರೆ ಅದು ಪೂಜೆಗೆ ಇಟ್ಟ ಪುಸ್ತಕ ಅಲ್ಲ ಅಂತ ನಮ್ಮ ಊಹೆ. ಯಾರೋ ಮೇಷ್ಟ್ರು ಯಾರಿಗೋ ಅದರಿಂದ ಲೆಕ್ಕ ಕಲಿಸುತ್ತಿದ್ದರು. ಸಂಸ್ಕೃತ ಬಾರದ ಹುಡುಗನಿಗೂ ಪ್ರಶ್ನೆ ಅರ್ಥವಾಗಲಿ ಅಂತ ಕನ್ನಡದಲ್ಲಿ ಬರೆದಿಟ್ಟಿದ್ದರು. ಈಗ ನಮ್ಮ ಮಕ್ಕಳು ಗಣಿತದ ಗೈಡ್ ಇಟ್ಟುಕೊಳ್ಳುವುದಿಲ್ಲವೇ, ಹಾಗೆ.

ಲೆಕ್ಕಗಳೂ ಹಾಗೇ, ಊರಿನ ಲೆಕ್ಕಗಳು. ಬಡ್ಡಿ, ಚಿನ್ನದ ಬಣ್ಣ, ಪಾಲುಗಾರಿಕೆ, ಹೊಂಡ ಅಗೆದದ್ದು, ನೆರಳು ಅಳೆದದ್ದು. ಒಂದು ನಿಮಗಾಗಿ. ಕಾಡಿನ ಅಂಚಿನಲ್ಲಿ ದಣಿದು ಬಂದ 23 ಮಂದಿ ದಾರಿಹೋಕರಿಗೆ ಬಾಳೆಹಣ್ಣಿನ 63 ರಾಶಿ ಸಿಕ್ಕಿತು. ಪ್ರತಿ ರಾಶಿಯಲ್ಲೂ ಒಂದೇ ಸಂಖ್ಯೆಯ ಹಣ್ಣು. ಅಷ್ಟಲ್ಲದೆ ಬಿಡಿ ಹಣ್ಣು 7. ಎಲ್ಲ ಸೇರಿಸಿ 23 ಮಂದಿಗೆ ಹಂಚಿದರೆ ಒಂದೂ ಉಳಿಯಲಿಲ್ಲ. ಒಂದು ರಾಶಿಯಲ್ಲಿ ಹಣ್ಣು ಎಷ್ಟು? ಉತ್ತರ ಕೊನೆಗೆ ಹೇಳುತ್ತೇವೆ. ಗೂಗಲ್ ಮಾಡಬೇಡಿ ಮಾರಾಯ್ರೆ, ಒಮ್ಮೆ ತಲೆ ಓಡಿಸಿ.

ಇನ್ನು ಸ್ಮಿತ್ ವಿಷಯ. ರಂಗಾಚಾರ್ಯರ ಅನುವಾದ ಅಚ್ಚಿಗೆ ಹೋಗುವ ಮೊದಲೇ ಸ್ಮಿತ್ ಕಣ್ಣಿಗೆ ಬಿತ್ತು. 1908ರಲ್ಲಿ ರೋಮ್ ನಗರದಲ್ಲಿ ಜಗತ್ತಿನ ಗಣಿತಜ್ಞರೆಲ್ಲ ಸೇರಿದ ಸಮ್ಮೇಳನದಲ್ಲಿ ಅವರು ಮಹಾವೀರಾಚಾರ್ಯರ ಬಗ್ಗೆ ಪ್ರಬಂಧ ಓದಿದರು. ಅಲ್ಲಿಯವರೆಗೆ ಆರ್ಯಭಟ, ಬ್ರಹ್ಮಗುಪ್ತ, ಭಾಸ್ಕರ ಎಂಬ ಮೂರು ಹೆಸರುಗಳ ಸುತ್ತವೇ ಭಾರತದ ಗಣಿತದ ಕತೆ ತಿರುಗುತ್ತಿತ್ತು. ಈಗ ಕನ್ನಡ ನಾಡಿನ ಒಬ್ಬ ಸೇರಿದ. 1912ರ ಪುಸ್ತಕಕ್ಕೆ ಪರಿಚಯ ಬರೆದವರೂ ಸ್ಮಿತ್ ಅವರೇ. 1927ರಲ್ಲಿ ಸಾರ್ಟನ್ ತಮ್ಮ ದೊಡ್ಡ ಗ್ರಂಥ 'ವಿಜ್ಞಾನದ ಇತಿಹಾಸಕ್ಕೆ ಪ್ರವೇಶ'ದ ಮೊದಲ ಸಂಪುಟ ತಂದಾಗ, ಒಂಬತ್ತನೆಯ ಶತಮಾನದ ಪುಟಗಳಲ್ಲಿ ಮಹಾವೀರಾಚಾರ್ಯರಿಗೆ ಜಾಗ ಇತ್ತು.

ಹೀಗೆ ಮೂಡುಬಿದಿರೆಯ ಓಲೆ, ಮದ್ರಾಸಿನ ರಂಗಾಚಾರ್ಯ, ನ್ಯೂಯಾರ್ಕಿನ ಸ್ಮಿತ್, ಆಮೇಲೆ ಸಾರ್ಟನ್. ಪದಕದ ಮೇಲೆ ಕೊನೆಯ ಹೆಸರಷ್ಟೇ ಇದೆ. ತಪ್ಪು ಅಂತ ನಾವು ಹೇಳುತ್ತಿಲ್ಲ. ಸಾರ್ಟನ್ ದುಡಿದ ಮನುಷ್ಯ. ಅರಬ್ಬರು ವಿಜ್ಞಾನಕ್ಕೆ ಏನು ಕೊಟ್ಟರು ಅಂತ ತಿಳಿಯಲು ಅರಬ್ಬಿ ಭಾಷೆಯನ್ನೇ ಕಲಿತವರು. ಅಷ್ಟು ಬರೆದರೂ ಅವರ ಮೂರು ಸಂಪುಟಗಳು ಮುಟ್ಟಿದ್ದು ಹದಿನಾಲ್ಕನೆಯ ಶತಮಾನದವರೆಗೆ ಮಾತ್ರ. ಆದರೆ ಓಲೆ ಇಲ್ಲದೆ ಇವರಿಗೆ ಬರೆಯಲು ಏನಿತ್ತು ಎಂಬ ಪ್ರಶ್ನೆಯನ್ನೂ ಕೇಳಲೇಬೇಕಲ್ಲ.

ಮೂಡುಬಿದಿರೆಯ ಇನ್ನೊಂದು ಓಲೆಕಟ್ಟಿನ ಕತೆ ಇನ್ನೂ ಉದ್ದದ್ದು. ಸಿದ್ಧಾಂತ ಬಸದಿಯ ಧವಳ, ಜಯಧವಳ, ಮಹಾಧವಳ ಗ್ರಂಥಗಳ ಹೆಸರು ನಿಮಗೆ ಗೊತ್ತೇ ಇರಬಹುದು. ಸಾವಿರ ಕಂಬದ ಬಸದಿ ನೋಡಿ ವಾಪಸಾಗುವ ಪ್ರವಾಸಿಗಳು ಅಷ್ಟಾಗಿ ಅತ್ತ ಹೋಗುವುದಿಲ್ಲ. ಶ್ರೀತಾಳೆ ಗರಿಯ ಮೇಲೆ ಹಳೆಗನ್ನಡ ಲಿಪಿಯಲ್ಲಿ ಬರೆದ ಪುಸ್ತಕಗಳು. ನಮ್ಮ ಕಡೆ ಸಾಧಾರಣವಾಗಿ ಕಂಠದಿಂದ ಗೀರಿ, ಮಸಿ ಸವರಿದ ಓಲೆ ಕಾಣುತ್ತೇವೆ. ಇವು ಹಾಗಲ್ಲ, ಶಾಯಿಯಲ್ಲಿ ಬರೆದವು. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಹನ್ನೆರಡನೆಯ ಶತಮಾನದ ಚಿತ್ರಗಳು, ಅಂದರೆ ಒಂಬೈನೂರು ವರ್ಷದ ಬಣ್ಣ. ಶ್ರೀತಾಳೆ ಮರ ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ನಮ್ಮ ಕಡೆ ಹೂ ಬಿಟ್ಟ ಶ್ರೀತಾಳೆ ಕಂಡರೆ ಅಪಶಕುನ ಅಂತ ಕಡಿದು ಹಾಕಿದ ಕಾಲವೂ ಇತ್ತು.

ಧವಳದ ಟೀಕೆ ಬರೆದವರು ವೀರಸೇನಾಚಾರ್ಯ, ಒಂಬತ್ತನೆಯ ಶತಮಾನದ ಆರಂಭದಲ್ಲಿ. ಅದು ಧರ್ಮಗ್ರಂಥ. ಆದರೆ ಲೋಕದ ಅಳತೆ ಎಷ್ಟು, ಜೀವಗಳ ಸಂಖ್ಯೆ ಎಷ್ಟು ಅಂತ ಹೇಳಲು ಹೋಗಿ ಅದರೊಳಗೆ ದೊಡ್ಡ ದೊಡ್ಡ ಸಂಖ್ಯೆಗಳ ಗಣಿತ ಸೇರಿಕೊಂಡಿದೆ. ದೊಡ್ಡ ಸಂಖ್ಯೆ ಹಿಡಿಯಲು ಅವರು ಬಳಸಿದ ಒಂದು ಉಪಾಯದ ಹೆಸರು ಅರ್ಧಚ್ಛೇದ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ, ಅಷ್ಟೇ. ನಿಮ್ಮಲ್ಲಿ 64 ಅಡಿಕೆ ಇದ್ದರೆ, 32, 16, 8, 4, 2, 1. ಆರು ಸಲ. 32 ಅಡಿಕೆಗೆ ಐದು ಸಲ. ಈಗ 32ನ್ನೂ 64ನ್ನೂ ಗುಣಿಸಿದರೆ 2048. ಅದನ್ನು ಎಷ್ಟು ಸಲ ಅರ್ಧ ಮಾಡಬಹುದು? ಐದಕ್ಕೆ ಆರು ಕೂಡಿಸಿ, ಹನ್ನೊಂದು. ಗುಣಾಕಾರ ಹೋಗಿ ಕೂಡಿಸುವುದಾಯಿತು. ಪಿಯುಸಿಯಲ್ಲಿ ಲಾಗರಿದಂ ಓದಿದವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನಿಸುತ್ತದೆ.

ಇಲ್ಲೇ ನಮ್ಮ ಒಂದು ತಕರಾರು ಉಂಟು. ಈ ಸಂಗತಿ ವಾಟ್ಸಾಪಿಗೆ ಹೋದರೆ ಸಂಜೆಯೊಳಗೆ 'ಲಾಗರಿದಂ ಕಂಡುಹಿಡಿದದ್ದು ನಾವೇ, ಬ್ರಿಟಿಷರು ಕದ್ದರು' ಅಂತ ಆಗುತ್ತದೆ. ಸ್ಕಾಟ್ಲೆಂಡಿನ ನೇಪಿಯರ್ 1614ರಲ್ಲಿ ಪ್ರಕಟಿಸಿದ ಕೋಷ್ಟಕ ಯಾವುದೇ ಸಂಖ್ಯೆಗೂ ನಡೆಯುವಂಥದ್ದು, ಹಡಗಿನವರೂ ಖಗೋಳದವರೂ ದಿನಾ ಬಳಸಿದಂಥದ್ದು. ವೀರಸೇನರದ್ದು ಆ ಯೋಚನೆಯ ಬೀಜ, ಅದೂ ಎಂಟು ಶತಮಾನ ಮೊದಲು. ಎರಡೂ ನಿಜ, ಎರಡೂ ಬೇರೆ. ಹಾಗೆಯೇ ಮಹಾವೀರಾಚಾರ್ಯರು ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದವರು. ಅದೇ ಪುಸ್ತಕದಲ್ಲಿ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂತಲೂ ಬರೆದಿದ್ದಾರೆ. ಅದು ತಪ್ಪು. ಸರಿಯನ್ನೂ ತಪ್ಪನ್ನೂ ಒಟ್ಟಿಗೆ ಹೇಳುವವರನ್ನು ವಿಜ್ಞಾನದ ಇತಿಹಾಸಕಾರರು ಅನ್ನುತ್ತಾರೆ. ಪ್ರಶಸ್ತಿ ಅದಕ್ಕೇ ಇರುವುದು.

ಧವಳ ಹೊರಗೆ ಬಂದದ್ದು ಹೇಗೆ ಅನ್ನುವುದು ಪತ್ತೇದಾರಿ ಕತೆಯ ಹಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಜಗತ್ತಿನಲ್ಲಿ ಇದರ ಹಳೆಯ ಪ್ರತಿ ಉಳಿದಿದ್ದದ್ದು ಮೂಡುಬಿದಿರೆಯಲ್ಲಿ ಮಾತ್ರ. ಯಾತ್ರಿಕರು ಬಂದು ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದುವವರು ಇಲ್ಲ. ಮುಂಬಯಿ ಮತ್ತು ಸೊಲ್ಲಾಪುರದ ಜೈನ ಶೇಠರು ಇದನ್ನು ನೋಡಿ, ಓಲೆ ಹಾಳಾಗುವ ಮೊದಲು ನಕಲು ಮಾಡಿಸೋಣ ಅಂತ ಹಣ ಕೂಡಿಸಿದರು. 1896ರ ಸುಮಾರಿಗೆ ನಕಲಿನ ಕೆಲಸ ಶುರುವಾಗಿ ಸುಮಾರು ಕಾಲು ಶತಮಾನ ನಡೆಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜದ ಗಜಪತಿ ಉಪಾಧ್ಯಾಯ, ಮತ್ತು ಮೂಡುಬಿದಿರೆಯವರೇ ಆದ ಬರಹಗಾರರು ಕೂತು ಬರೆದರು.

ಆದರೆ ನಕಲು ಊರು ಬಿಟ್ಟು ಹೋಗಬಾರದು ಅನ್ನುವುದು ಕಟ್ಟಳೆ. ಮೂಲ ಇಲ್ಲೇ, ನಕಲೂ ಇಲ್ಲೇ. ಊರವರ ಹೆದರಿಕೆ ನಮಗೆ ಅರ್ಥವಾಗುತ್ತದೆ. ಒಂದು ಸಲ ಹೊರಗೆ ಹೋದರೆ ಮೂಡುಬಿದಿರೆಗೆ ಯಾರು ಬರುತ್ತಾರೆ? ಗಜಪತಿ ಉಪಾಧ್ಯಾಯರು ಬೇರೆ ದಾರಿ ಹಿಡಿದರು. ಗುಟ್ಟಾಗಿ ಕನ್ನಡ ಅಕ್ಷರದಲ್ಲಿ ಇನ್ನೊಂದು ನಕಲು ಸಿದ್ಧವಾಯಿತು. ಅದನ್ನು ಬರೆಯುವುದರಲ್ಲಿ ಅವರ ಹೆಂಡತಿ ಲಕ್ಷ್ಮೀಬಾಯಿ ಕೈಜೋಡಿಸಿದರು. ಆ ನಕಲು ಉತ್ತರ ಭಾರತದ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿ ಕನ್ನಡದಿಂದ ನಾಗರಿಗೆ ಇಳಿಸಿದರು. ಇಳಿಸುವ ಕೆಲಸಕ್ಕೆ ಇದ್ದ ಸೀತಾರಾಮ ಶಾಸ್ತ್ರಿ ತಮಗೂ ಒಂದು ಪ್ರತಿ ಮಾಡಿಟ್ಟುಕೊಂಡರು. ಅಲ್ಲಿಂದ ಊರೂರಿಗೆ ಹರಡಿತು. ಗುಟ್ಟಿನ ಮೇಲೆ ಗುಟ್ಟು.

ಸರಿಯೋ ತಪ್ಪೋ? ನಮ್ಮ ಗುಂಪಿನಲ್ಲೇ ಈ ಬಗ್ಗೆ ಜಗಳ ಆಯಿತು. ಒಬ್ಬರು ಅದು ಕಳ್ಳತನ ಅಂದರು, ಇನ್ನೊಬ್ಬರು ಪುಸ್ತಕ ಓದುವುದಕ್ಕೆ ಇರುವುದು ಅಂದರು. ಒಂದು ಮಾತ್ರ ಖಚಿತ. ಆ ಗುಟ್ಟಿನ ನಕಲಿನ ಪೀಳಿಗೆಯಿಂದಲೇ ಅಮರಾವತಿಯ ಪ್ರಾಧ್ಯಾಪಕ ಹೀರಾಲಾಲ್ ಜೈನ್ 1939ರಲ್ಲಿ ಧವಳದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಅಚ್ಚಾದ ಮೇಲೆ ಮೂಡುಬಿದಿರೆಯ ಮನಸ್ಸೂ ಕರಗಿತು. ಮುಂದಿನ ಸಂಪುಟಗಳ ಪಾಠವನ್ನು ಮೂಲ ಓಲೆಯ ಜೊತೆ ಹೋಲಿಸಿ ತಿದ್ದಲು ಇಲ್ಲಿಂದಲೇ ಸಹಾಯ ಸಿಕ್ಕಿತು. ಮೂಡುಬಿದಿರೆಯ ಪಂಡಿತ ಲೋಕನಾಥ ಶಾಸ್ತ್ರಿಗಳು ಆ ಕೆಲಸದಲ್ಲಿದ್ದರು. ಹದಿನಾರು ಸಂಪುಟ ಮುಗಿದಾಗ 1958. ನಡುವೆ, 1942ರ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾನಿಲಯದ ಎ. ಎನ್. ಸಿಂಗ್ ಧವಳದ ಗಣಿತದ ಬಗ್ಗೆ ಒಂದು ಲೇಖನ ಬರೆದರು. ಅರ್ಧಚ್ಛೇದದ ವಿಷಯ ಹೊರಜಗತ್ತಿಗೆ ಗೊತ್ತಾದದ್ದು ಆಗ.

ಲಕ್ಷ್ಮೀಬಾಯಿಗೆ ಯಾರೂ ಪದಕ ಕೊಡಲಿಲ್ಲ, ಬಿಡಿ. ಕೊಡುವ ಹಾಗೂ ಇರಲಿಲ್ಲ, ಗುಟ್ಟಿನ ಕೆಲಸವಲ್ಲವೇ!

ಭಾರತದ ಗಣಿತದ ಇತಿಹಾಸಕ್ಕೆ ದೊಡ್ಡ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು ಬಹಳ ತಡವಾಗಿ. ಗಣಿತದ ಇತಿಹಾಸಕ್ಕೇ ಮೀಸಲಾದ ಕೆನೆತ್ ಮೇ ಪ್ರಶಸ್ತಿ ಅಂತ ಇದೆ. 1989ರಿಂದ ನಾಲ್ಕು ವರ್ಷಕ್ಕೊಮ್ಮೆ ಕೊಡುತ್ತಾರೆ. 2009ರಲ್ಲಿ ಅದು ಝಾನ್ಸಿಯ ಆರ್. ಸಿ. ಗುಪ್ತ ಅವರಿಗೆ ಬಂತು, ಇಂಗ್ಲೆಂಡಿನ ಐವರ್ ಗ್ರಾಟನ್ ಗಿನ್ನೆಸ್ ಜೊತೆಗೆ. ಗುಪ್ತ ಹುಟ್ಟಿದ್ದು 1935ರಲ್ಲಿ. ರಾಂಚಿಯ ಹತ್ತಿರ ಮೇಸ್ರಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾ, ನೂರಾರು ಲೇಖನ ಬರೆದು, 1979ರಲ್ಲಿ 'ಗಣಿತ ಭಾರತಿ' ಎಂಬ ಪತ್ರಿಕೆ ಹುಟ್ಟುಹಾಕಿದವರು. ಸಾರ್ಟನ್ ಹಾಗೆ ಇವರೂ ಪತ್ರಿಕೆಯ ಹುಚ್ಚು ಹಿಡಿಸಿಕೊಂಡವರೇ. ಜೈನ ಗಣಿತದ ಬಗ್ಗೆ, ಮಹಾವೀರಾಚಾರ್ಯ ಮತ್ತು ವೀರಸೇನರ ಬಗ್ಗೆ ಅವರು ಬರೆದದ್ದು ಬಹಳ. 2023ರಲ್ಲಿ ಪದ್ಮಶ್ರೀಯೂ ಬಂತು, ಎಂಬತ್ತೇಳರ ಆಸುಪಾಸಿನಲ್ಲಿ.

ಅವರಿಗೆ ಪಿಎಚ್‌ಡಿಗೆ ದಾರಿ ತೋರಿಸಿದವರು ಟಿ. ಎ. ಸರಸ್ವತಿ ಅಮ್ಮ. ಕೇರಳದ ಪಾಲಕ್ಕಾಡಿನ ಚೆರ್ಪುಳಶ್ಶೇರಿಯವರು, 1918ರಲ್ಲಿ ಹುಟ್ಟಿದವರು. ಸಂಸ್ಕೃತವನ್ನೂ ಗಣಿತವನ್ನೂ ಒಟ್ಟಿಗೆ ಬಲ್ಲವರು. ಪ್ರಾಚೀನ ಮತ್ತು ಮಧ್ಯಕಾಲೀನ ಭಾರತದ ರೇಖಾಗಣಿತದ ಬಗ್ಗೆ ಅವರು ಬರೆದ ಪುಸ್ತಕ 1979ರಲ್ಲಿ ಬಂತು. ಆ ವಿಷಯಕ್ಕೆ ಇವತ್ತಿಗೂ ಎಲ್ಲರೂ ಮೊದಲು ತೆರೆಯುವ ಪುಸ್ತಕ ಅದೇ. ಅವರು ಧನ್‌ಬಾದಿನ ಒಂದು ಮಹಿಳಾ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿ ನಿವೃತ್ತರಾಗಿ, 2000ದಲ್ಲಿ ತೀರಿಕೊಂಡರು. ಶಿಷ್ಯನಿಗೆ ಬಂದ ಪದಕ ನೋಡಲು ಅವರು ಇರಲಿಲ್ಲ.

ಕರ್ನಾಟಕದಲ್ಲೂ ಈ ವಿದ್ಯೆಯವರು ಇಲ್ಲದೆ ಇಲ್ಲ. 1971ರಲ್ಲಿ ಬಂದ ಭಾರತದ ವಿಜ್ಞಾನದ ಸಂಕ್ಷಿಪ್ತ ಇತಿಹಾಸದ ಮೂವರು ಸಂಪಾದಕರಲ್ಲಿ ಒಬ್ಬರು ಬಿ. ವಿ. ಸುಬ್ಬರಾಯಪ್ಪ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಚರಿತ್ರೆ ಬರೆದವರೂ ಅವರೇ. ಎಸ್. ಬಾಲಚಂದ್ರ ರಾವ್ ಭಾರತೀಯ ಗಣಿತ, ಖಗೋಳದ ಬಗ್ಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದರು. ನಮ್ಮ ಕತೆಗೆ ಹೆಚ್ಚು ಹತ್ತಿರದವರು ಪದ್ಮಾವತಮ್ಮ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಪ್ರಾಧ್ಯಾಪಕಿಯಾಗಿದ್ದವರು. 'ಗಣಿತಸಾರಸಂಗ್ರಹ'ದ ಮೂಲವನ್ನು ಕನ್ನಡ ಅನುವಾದದೊಂದಿಗೆ 2000ದಲ್ಲಿ ತಂದರು. ಪ್ರಕಟಿಸಿದ್ದು ಹೊಂಬುಜದ ಜೈನ ಮಠ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ ರಾಜಾದಿತ್ಯನ ಮೇಲೂ ಅವರು ಕೆಲಸ ಮಾಡಿದ್ದಾರೆ. ಮಠದಲ್ಲಿ ಕನ್ನಡ ಟಿಪ್ಪಣಿಯೊಂದಿಗೆ ಇದ್ದ ಓಲೆ ಮದ್ರಾಸಿಗೆ ಹೋಗಿ ಇಂಗ್ಲಿಷ್ ಆಗಿ, ರೋಮ್ ಸುತ್ತಿ, ಸುಮಾರು ತೊಂಬತ್ತು ವರ್ಷದ ನಂತರ ಕನ್ನಡಕ್ಕೆ ಬಂದ ಹಾಗಾಯಿತು.

ಇಷ್ಟು ಓದಿದ ಮೇಲೆ ನಮ್ಮ ಮನೆ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಗುಂಪಿನ ಒಬ್ಬರ ಅಜ್ಜನ ಮನೆ ನಾರಾವಿಯಿಂದ ದೂರವಿಲ್ಲ. ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಅಟ್ಟದಿಂದ ಎರಡು ಓಲೆಕಟ್ಟು ಇಳಿಯಿತು. ಮರದ ಹಲಗೆಯ ನಡುವೆ ದಾರ ಕಟ್ಟಿದ್ದು. ಅಂಚು ಗೆದ್ದಲು ತಿಂದಿತ್ತು. ಓದಲು ಯಾರಿಗೂ ಬರುವುದಿಲ್ಲ. ಒಂದಷ್ಟು ದಿನ ಹಟ್ಟಿಯ ಮೂಲೆಯಲ್ಲಿ ಬಿದ್ದಿತ್ತು. ಆಮೇಲೆ ಮಳೆಗಾಲದ ಒಂದು ದಿನ ಬಚ್ಚಲಿನ ನೀರು ಕಾಯಿಸಲು ಒಣ ಸೌದೆ ಸಿಗದೆ, ಓಲೆ ಒಲೆಗೆ ಹೋಯಿತು. ಅದು ಪಂಚಾಂಗವೋ, ಮದ್ದಿನ ಪುಸ್ತಕವೋ, ಭೂಮಿಯ ಲೆಕ್ಕವೋ, ಯಾರಿಗೂ ಇನ್ನು ಗೊತ್ತಾಗುವುದಿಲ್ಲ. ಅಜ್ಜಿಯನ್ನು ದೂರಿ ಪ್ರಯೋಜನ ಇಲ್ಲ. ಅದು ಏನು ಅಂತ ಅವರಿಗೆ ಹೇಳುವವರು ಮನೆಯಲ್ಲಿ ಯಾರಿದ್ದರು? ನಾವೇ ಪತ್ರಿಕೋದ್ಯಮ ಓದಿಯೂ ಆ ಕಟ್ಟಿನ ಒಂದು ಫೋಟೊ ಕೂಡ ತೆಗೆದಿರಲಿಲ್ಲ.

1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ನಾಡಿನ ತಾಡೋಲೆ ಗ್ರಂಥಗಳ ಒಂದು ಪಟ್ಟಿ ಮಾಡಿದರು. ಕಾಶಿಯ ಭಾರತೀಯ ಜ್ಞಾನಪೀಠ ಅದನ್ನು ಪ್ರಕಟಿಸಿತು. ಅದರಲ್ಲಿ ಮೂಡುಬಿದಿರೆಯ ಮಠ, ಬಸದಿಗಳ ಓಲೆಗಳಿವೆ, ಕಾರ್ಕಳದ ಮಠದ್ದಿವೆ, ನಮ್ಮ ಪಕ್ಕದ ಅಳಿಯೂರಿನ ಗ್ರಂಥಭಂಡಾರದ್ದೂ ಇವೆ. ಅಳಿಯೂರು ಅಂತ ಅಚ್ಚಿನಲ್ಲಿ ನೋಡಿದಾಗ ನಮಗೆ ಆದ ಖುಷಿ ಹೇಳತೀರದು. ಆದರೆ ಆ ಪಟ್ಟಿ ಮಠ ಮತ್ತು ಬಸದಿಗಳದ್ದು. ಮನೆ ಮನೆಯ ಅಟ್ಟದಲ್ಲಿ ಇರುವುದಕ್ಕೆ ಪಟ್ಟಿ ಇಲ್ಲ.

ನಿಮ್ಮ ಮನೆಯಲ್ಲಿ ಓಲೆಕಟ್ಟು ಇದ್ದರೆ ಬಿಚ್ಚಲು ಅವಸರ ಮಾಡಬೇಡಿ. ಒಣಗಿದ ಗರಿ ಬಗ್ಗಿಸಿದರೆ ಮುರಿಯುತ್ತದೆ. ತೊಳೆಯಬೇಡಿ, ಬಿ‍ಸಿಲಿಗೆ ಹಾಕಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಡಬೇಡಿ, ತೇವ ಕೂತು ಬೂಸು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಮುಟ್ಟದ ಎತ್ತರದಲ್ಲಿ ಇಡಿ. ಮೇಲಿನ ಗರಿಯ ಒಂದು ಫೋಟೊ ತೆಗೆದುಕೊಳ್ಳಿ. ಮೂಡುಬಿದಿರೆಯಲ್ಲಿ ಶ್ರೀಮತಿ ರಮಾರಾಣಿ ಜೈನ್ ಸಂಶೋಧನಾ ಸಂಸ್ಥೆ ಇದೆ, ಧರ್ಮಸ್ಥಳದಲ್ಲಿ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನಾ ಪ್ರತಿಷ್ಠಾನ ಇದೆ. ಎರಡೂ ಓಲೆಗ್ರಂಥ ಕಾಪಾಡುವ ಜಾಗಗಳು. ಫೋಟೊ ತೋರಿಸಿ ವಿಚಾರಿಸಿ. ಒಂದು ದಿನದ ಬಸ್ ಚಾರ್ಜು ಅಷ್ಟೇ ಖರ್ಚು.

1912ರ 'ಗಣಿತಸಾರಸಂಗ್ರಹ' ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿನಲ್ಲೇ ತೆರೆಯಬಹುದು. ಮೊದಲಿಗೆ ರಂಗಾಚಾರ್ಯರ ಮುನ್ನುಡಿ. ಐದು ಪ್ರತಿಗಳ ವಿವರ ಅಲ್ಲಿದೆ. 'ಬಿ' ಅಂತ ಬರುವ ಜಾಗದಲ್ಲಿ ನಿಲ್ಲಿ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಊರಿನ ಹೆಸರು ಓದಬಹುದು.

ಬಾಳೆಹಣ್ಣಿನ ಲೆಕ್ಕ ಆಯಿತೇ? ಒಂದು ರಾಶಿಯಲ್ಲಿ ಐದು. 63 ರಾಶಿಗೆ 315, ಬಿಡಿ 7 ಸೇರಿ 322, ಒಬ್ಬೊಬ್ಬರಿಗೆ 14. ಐದಕ್ಕಿಂತ ದೊಡ್ಡ ಉತ್ತರಗಳೂ ಇವೆ, 28 ಇಟ್ಟು ನೋಡಿ.